ಹೂವು ನೆನೆದ ನೀರು

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ನಾನಕ್ಕೆ ತಡವಾಯಿತೆಂದು ಅವ್ವ ಬೈದಾಳೆಂಬ ಅಂಜಿಕೆಯಿಂದ ಪಡಸಾಲೆಯ ಗಡಿಯಾರ ನೋಡಿಕೊಂಡೇ ನಾನು ಅಡಿಗೆಮನೆಗೆ ಕಾಲಿಟ್ಟಿದ್ದೆ. ಅವ್ವ ಬೈಯಲಿಲ್ಲ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಬಾಯಿ ಒಣಗಿ ಹೋಯ್ತದೆ ಕಣ್ಲಾ, ಒಸಿ ನೀರು ಕೊಡು" ಅಂದಳು. ಒಂದು ಚೆಂಬು ಕುಡಿದು ಇನ್ನೊಂದು ಕೇಳಿದಳು. ಆಮೇಲೆ ಅಂಗೈಯನ್ನು ಮುಖದ ಹತ್ತಿರ ತಂದು, ದೂರ ಹಿಡಿದು, "ಇದ್ಯಾಕೆ ಮಸಮಸ ಕಾಣ್ತದೆ" ಎಂದು ನಕ್ಕಳು. ನಾನು ಅವಳ ಕಣ್ಣು ನೋಡಿದೆ. ಕಂದು ಬಣ್ಣವೇ ಉಳಿದಿರಲಿಲ್ಲ. ಒಳಗಿನ ಕಪ್ಪು ಅಂಚಿನವರೆಗೂ ಹರಡಿತ್ತು.

ಆ ಕಣ್ಣುಗಳಿಂದ ಹಿಂದಕ್ಕೆ ಹೋದರೆ ನಾನು ಪ್ರತಿ ಸಲವೂ ಅತ್ತೆಯ ಹಿತ್ತಿಲಿಗೇ ಬಂದು ನಿಲ್ಲುತ್ತೇನೆ.

ಅತ್ತೆ ನನ್ನ ಅಪ್ಪನ ತಂಗಿ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮಧುಗಿರಿಯ ನಮ್ಮ ಮನೆಗೆ ಬಂದವಳು. ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ಅವಳ ಎರಡು ಗಿಡಗಳಿದ್ದವು. ಎರಡರಲ್ಲೂ ಮೊಳಕೈಯುದ್ದದ ಹೂವುಗಳು ತಲೆಕೆಳಗಾಗಿ ತೂಗುತ್ತಿದ್ದವು. ಒಂದು ಬಿಳಿಯದು, ಯಾವುದೋ ಬಿಳಿ ದೊರೆಯ ಬಂಗಲೆಯಿಂದ ಬಂದದ್ದು. ಇನ್ನೊಂದು ಅರಿಸಿನದ ಬಣ್ಣದ್ದು, ಅಪ್ಪ ಬೆಂಗಳೂರಿನ ತೋಟಗಾರನೊಬ್ಬನಿಂದ ಕಡ್ಡಿ ತಂದು ನೆಟ್ಟದ್ದು. ಊರಿನವರು ಗಂಟೆ ಹೂವು ಅನ್ನುತ್ತಿದ್ದರು. ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಒಂದು ರಜೆಯಲ್ಲಿ ಬಂದು, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿದರೆ ಎರಡರ ಗುಣವೂ ಇರುವ ಹೊಸ ಗಿಡ ಹುಟ್ಟಬಹುದೆಂದು ಅತ್ತೆಗೆ ಹೇಳಿದೆ. ಹೇಳಿ ಮರೆತೆ. ಅವಳು ಮರೆಯಲಿಲ್ಲ.

ಮರುದಿನ ಅರಳಬೇಕಾದ ಮೊಗ್ಗನ್ನು ಉಗುರಿನಿಂದ ಸೀಳಿ ಅವಳು ಒಳಗಿನ ಗಂಡು ಎಳೆಗಳನ್ನು ಕಿತ್ತುಹಾಕುತ್ತಿದ್ದಳು. ದೀಪಕ್ಕೆ ಹೊಸೆದ ಬತ್ತಿಯ ತುದಿಗೆ ಇನ್ನೊಂದು ಗಿಡದ ಪರಾಗ ಅಂಟಿಸಿಕೊಂಡು ಆ ಹೂವಿನೊಳಗೆ ಸವರುತ್ತಿದ್ದಳು. ಪತಂಗ ಬರದಂತೆ ಅಪ್ಪನ ಹಳೇ ಪಂಚೆಯ ತುಂಡನ್ನು ಚೀಲದಂತೆ ಕಟ್ಟುತ್ತಿದ್ದಳು. "ಹೂವಿಗೂ ಮದುವೆ ಮಾಡ್ತಾಳೆ ನಮ್ಮಮ್ಮಯ್ಯ, ಓಲಗದೋರಿಗೆ ಹೇಳಿಕಳಿಸ್ಲಾ" ಎಂದು ಅವ್ವ ಚುಡಾಯಿಸುವಳು. "ಊಟಕ್ಕೆ ನಿಮ್ಮನ್ನೇ ಕರೀತೀನಿ ಬುಡಿ ಅತ್ಗೆ" ಎಂದು ಅತ್ತೆ ತಲೆ ಎತ್ತದೆ ಹೇಳುವಳು.

ಕಾಯಿ ಬಲಿಯಲು ಅರ್ಧ ವರ್ಷ ಬೇಕಾಯಿತು. ಬೀಜದಿಂದ ಬಂದ ಸಸಿ ಹೂ ಬಿಡಲು ಇನ್ನೆರಡು ವರ್ಷ. ಅಷ್ಟರಲ್ಲಿ ನನ್ನ ಓದು ಮುಗಿದಿತ್ತು, ಮಹಾಯುದ್ಧ ಶುರುವಾಗಿತ್ತು, ಹಿತ್ತಿಲಲ್ಲಿ ಐದಾರು ಸಸಿ ಸತ್ತು ಒಂದೇ ಉಳಿದಿತ್ತು. ಒಂದು ಸಂಜೆ ದನ ಮನೆಗೆ ಬರುವ ಹೊತ್ತಿಗೆ ಅದರ ಮೊದಲ ಮೊಗ್ಗು ಬಿಚ್ಚಿತು. ಮಡಿಕೆಗಳು ಒಂದೊಂದಾಗಿ ಸಡಿಲವಾದದ್ದನ್ನು ಅವ್ವ, ಅತ್ತೆ, ನಾನು ಮೂವರೂ ನಿಂತು ನೋಡಿದೆವು. ಬಿಳಿಯೂ ಅಲ್ಲ, ಅರಿಸಿನವೂ ಅಲ್ಲ. ಆಗತಾನೇ ಕಡೆದ ಬೆಣ್ಣೆಯ ಬಣ್ಣ, ಅಂಚಿನಲ್ಲಿ ಮಾತ್ರ ಎಳೆ ಕೆಂಪು. ಆ ಕೆಂಪು ತಾಯಿಯಲ್ಲೂ ಇರಲಿಲ್ಲ, ತಂದೆಯಲ್ಲೂ ಇರಲಿಲ್ಲ. ಕತ್ತಲಾಗುತ್ತ ಪರಿಮಳ ಏರಿತು. ಲೋಕದಲ್ಲಿ ಅಲ್ಲಿಯವರೆಗೆ ಇಲ್ಲದಿದ್ದ ಒಂದು ವಸ್ತು ನಮ್ಮ ಬಚ್ಚಲ ನೀರಿನಲ್ಲಿ ಬೆಳೆದು ಎದುರಿಗೆ ತೂಗುತ್ತಿತ್ತು.

"ಮೊದಲ್ನೇದು ಲಿಂಗಕ್ಕೆ" ಎಂದು ಅತ್ತೆಯೇ ಅದನ್ನು ಕಿತ್ತು ಅವ್ವನ ಕೈಗಿಟ್ಟಳು.

ನಮ್ಮದು ಲಿಂಗ ಕಟ್ಟಿದ ಮನೆ. ಅಂಗೈಯಲ್ಲಿ ಲಿಂಗವಿಟ್ಟು ನೀರೆರೆದು, ಆ ನೀರನ್ನು ಬಟ್ಟಲಿಗೆ ಹಿಡಿದು ಪಾದೋದಕವೆಂದು ಮನೆಮಂದಿ ಕುಡಿಯುತ್ತಿದ್ದೆವು. ಅದನ್ನು ಚೆಲ್ಲುವಂತಿಲ್ಲ, ಸ್ನಾನ ಮಾಡದವರು ಮುಟ್ಟುವಂತಿಲ್ಲ. ಬೆಳಗಿನವರೆಗೆ ಹೂವು ಬಾಡಬಾರದೆಂದು ಅವ್ವ ಅದನ್ನು ಮಡಿಸಿ ನೀರಿನ ಚೆಂಬಿನೊಳಗೆ ತುರುಕಿಟ್ಟಳು. ಬೆಳಿಗ್ಗೆ ನೀರೆಲ್ಲ ಘಮಘಮಿಸುತ್ತಿತ್ತು. ಇಂಥ ನೀರನ್ನು ಯಾರಾದರೂ ಚೆಲ್ಲುತ್ತಾರೆಯೇ ಎಂದು ಲಿಂಗಕ್ಕೆ ಅದನ್ನೇ ಎರೆದಳು. ಅತ್ತೆ ಇನ್ನೂ ಸ್ನಾನ ಮಾಡದೆ ಹಿತ್ತಿಲಲ್ಲಿದ್ದಳು, ನಾನು ಹಾಸಿಗೆಯಲ್ಲಿದ್ದೆ. ಬಟ್ಟಲಲ್ಲಿದ್ದ ನಮ್ಮಿಬ್ಬರ ಪಾಲನ್ನೂ ಅವ್ವನೇ ಕುಡಿದಳು.

ಬೇಲಿಯ ಉಮ್ಮತ್ತಿ, ಅದೇ ದತ್ತೂರಿ, ವಿಷವೆಂದು ನಮ್ಮ ಸೀಮೆಯಲ್ಲಿ ಕುರಿ ಕಾಯುವವರಿಗೂ ಗೊತ್ತು. ಈ ಗಂಟೆ ಹೂವು ಅದೇ ಕುಲದ್ದೆಂದು ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಪರಾಗದ ವಿಚಾರ ಹೇಳಿದವನು ಇದನ್ನು ಹೇಳಿರಲಿಲ್ಲ.

ಒಂಬತ್ತರ ಹೊತ್ತಿಗೆ ಅವ್ವನ ಮುಖ ಕೆಂಪಗಾಗಿ ಮೈ ಸುಡುತ್ತಿತ್ತು. ಗಾಳಿಯಲ್ಲಿ ಹೂವು ಪೋಣಿಸುತ್ತಿದ್ದಳು. ಕಾಣದ ದಾರವನ್ನು ಹಲ್ಲಿನಿಂದ ಕಡಿದು ಗಂಟು ಹಾಕುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ಬಂದು, "ಗಾಳಿ ಸೋಕೈತೆ, ಸಿದ್ದರಬೆಟ್ಟದ ಇಬೂತಿ ಹಚ್ಚಿ" ಅಂದಳು. ಅಪ್ಪ ಕಡಲೆಕಾಯಿ ಖರೀದಿಗೆ ಪಾವಗಡದ ಕಡೆ ಹೋಗಿದ್ದರು. ಅವ್ವನನ್ನು ಅತ್ತೆಗೆ ಒಪ್ಪಿಸಿ ನಾನು ಡಾಕ್ಟರನ್ನು ಕರೆತರಲು ಓಡಿದೆ.

ನಾವು ಬಾಗಿಲಿಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಿಲಿನಿಂದ ಅವ್ವನ ದನಿ ಕೇಳಿಸಿತು. ಬಾವಿಯ ಕಟ್ಟೆಗೆ ಒಂದು ಕಾಲಿಟ್ಟು, ಸತ್ತು ಎಷ್ಟೋ ವರ್ಷವಾಗಿದ್ದ ತನ್ನ ತಾಯಿಯ ಜೊತೆ ಮಾತಾಡುತ್ತಿದ್ದಳು: "ಬಂದೆ ಇರವ್ವ, ಕೈ ಕೊಡು." ಅತ್ತೆ ನೆಲದ ಮೇಲೆ ಬಿದ್ದು ಅವಳ ಇನ್ನೊಂದು ಕಾಲನ್ನು ಎರಡೂ ತೋಳಿನಿಂದ ತಬ್ಬಿದ್ದಳು. ಅತ್ತೆ ಅವ್ವನ ಅರ್ಧದಷ್ಟೂ ಇರಲಿಲ್ಲ. ನಾನು ಹೋಗಿ ಹಿಡಿದ ಮೇಲೂ ಅವಳ ತೋಳು ಬಿಚ್ಚಲಿಲ್ಲ, ಡಾಕ್ಟರು ಬಿಡಿಸಬೇಕಾಯಿತು. ನಾನು ಎರಡು ನಿಮಿಷ ತಡಮಾಡಿದ್ದರೆ ಎಂಬ ಲೆಕ್ಕವನ್ನು ಇಂದಿಗೂ ಮಾಡುತ್ತಿರುತ್ತೇನೆ.

"ಏನು ತಿಂದರು?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ಲ. ಪಾದೋದಕ ಮಾತ್ರ" ಅಂದೆ.

"ಹೂವಿತ್ತು ಅದ್ರಾಗೆ" ಅಂದಳು ಅತ್ತೆ. "ನಾನು ಮಾಡಿದ್ ಹೂವು."

ಡಾಕ್ಟರು ಗಿಡವನ್ನೊಮ್ಮೆ ನೋಡಿ ಕೊಳವೆ ಹಾಕಿ ಹೊಟ್ಟೆ ತೊಳೆದರು. ಕೋಣೆ ಕತ್ತಲೆ ಮಾಡಿ, "ಒಬ್ಬರನ್ನೇ ಬಿಡಬೇಡಿ. ಮೂರು ದಿನ ಕಳೆಯಲಿ" ಅಂದರು.

ಆ ಮೂರು ದಿನ ಅವ್ವ ನಿದ್ದೆ ಮಾಡಲಿಲ್ಲ, ನಾವೂ ಮಾಡಲಿಲ್ಲ. ಎರಡನೆಯ ದಿನ ನಾನು ಕುಡುಗೋಲು ತಂದದ್ದನ್ನು ಕಂಡು ಅತ್ತೆ ಅದನ್ನು ಕೇಳಿ ಪಡೆದಳು. ಗಿಡವನ್ನು ಉಳಿಸಲು ಬಂದಳೆಂದುಕೊಂಡೆ. ಅವಳೇ ಬುಡಕ್ಕೆ ಕೂತು ಎರಡು ವರ್ಷ ಬೆಳೆಸಿದ ಆ ಗಿಡವನ್ನು ಕಡಿದು, ಬೇರನ್ನೂ ಕಿತ್ತಳು. ಹಳೆಯ ಎರಡನ್ನೂ ಬಿಡಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಅವ್ವನ ಹತ್ತಿರ ಹೋಗಿ ಕೂತಳು.

ನಾಲ್ಕನೆಯ ದಿನ ಅವ್ವನಿಗೆ ನಮ್ಮ ಗುರುತು ಹತ್ತಿತು. ಹಿತ್ತಿಲ ಬಾಗಿಲಿಗೆ ಬಂದು ಬರೀ ನೆಲ ನೋಡಿದಳು. "ಯಾಕ್ ಕಡಿದ್ಯೇ? ಅದ್ಕೇನ್ ಗೊತ್ತಿತ್ತು ಪಾಪ."

"ನಿಮಗೂ ಗೊತ್ತಿರ್ನಿಲ್ವಲ್ಲ ಅತ್ಗೆ. ನೀವಿಬ್ರೂ ಒಂದೇ ಕಡೆ ಇರೋದು ಬ್ಯಾಡ" ಅಂದಳು ಅತ್ತೆ.

ಅವ್ವ "ಅಂಥ ಹೂವ ಇನ್ನೆಲ್ಲಿ ನೋಡ್ತೀವಿ" ಎಂದಷ್ಟೇ ಹೇಳಿದಳು.

ಕಣ್ಣು ಸರಿಹೋಗಲು ಇನ್ನೂ ಕೆಲವು ದಿನ ಹಿಡಿಯಿತು. ಅಲ್ಲಿಯವರೆಗೆ ಅತ್ತೆ ರಾತ್ರಿ ಅವ್ವನ ಸೆರಗಿನ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮಲಗುತ್ತಿದ್ದಳು. ಅವ್ವ ಮಗ್ಗಲು ಬದಲಿಸಿದರೆ ಸಾಕು, ಎದ್ದು ಕೂರುತ್ತಿದ್ದಳು. ಒಂಬತ್ತನೆಯ ದಿನ ಸೋಮವಾರ. ಅವ್ವ ಮೊರ ಹಿಡಿದು ಜಗಲಿಯಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಆರಿಸಿದಳು. ಆರಿಸಿಟ್ಟ ಕಲ್ಲುಗಳನ್ನು ಅತ್ತೆ ಒಂದೊಂದಾಗಿ ಮುಟ್ಟಿ ನೋಡಿದಳು, ಒಂದೂ ಕಾಳಾಗಿರಲಿಲ್ಲ. ಆ ರಾತ್ರಿ ಅವಳು ಸೆರಗು ಸುತ್ತಿಕೊಳ್ಳಲಿಲ್ಲ. ನಾವು ಎದ್ದಾಗ ಬಿಸಿಲು ನಡುಮನೆಗೆ ಬಂದಿತ್ತು.