ಮಕ್ಕಳು ಎಷ್ಟು ಎಂಬ ಕಾಲಂ

ನಾನು ನರ್ಸ್ ಆಗಿರುವ ದೇಶದ ಹೆಸರು ಬೇಡ. ಇನ್ನೂ ಅದರ ಅನ್ನ ತಿನ್ನುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಅಲ್ಲಿ ಕೆಲಸದ ಪರ್ಮಿಟ್ ಹೊಸದು ಮಾಡಿಸಬೇಕು, ಅದಕ್ಕೆ ಆದಾಯ ತೆರಿಗೆಯ ಫಾರಂ ಸರಿಯಾಗಿರಬೇಕು. ಮೊದಲ ವರ್ಷ ‘ಮಕ್ಕಳು ಎಷ್ಟು’ ಎಂಬ ಕಾಲಂನಲ್ಲಿ ಒಂದು ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಕನಸಿನಲ್ಲೂ ಅನಿಸಲಿಲ್ಲ. ನಮ್ಮಲ್ಲಿ ಅಕ್ಕನ ಮಗಳು ಮಗಳೇ, ಅವಳು ಚಿತ್ತಿ ಎಂದು ಕರೆದರೂ. ಮದುವೆಯಾಗದ ನಾನು ವರ್ಷ ವರ್ಷವೂ ಹಾಗೇ ಬರೆದೆ.

ನಾಲ್ಕನೇ ಪರ್ಮಿಟ್ ಹೊತ್ತಿಗೆ ತೆರಿಗೆ ಕಚೇರಿಯಿಂದ ಪತ್ರ ಬಂತು. ಹುಡುಗಿಯ ಜನನ ಪತ್ರದಲ್ಲಿ ತಾಯಿಯ ಹೆಸರು ಬೇರೆ ಇದೆ, ನೀವು ಯಾರು ಎಂದು ಕೇಳಿದ್ದರು. ತಂದೆ ಅವಳನ್ನು ನಿಮಗೆ ಒಪ್ಪಿಸಿದ್ದಾನೆ ಎಂದು ಸಹಿ ಹಾಕಿದ ಕಾಗದ ತನ್ನಿ, ಇಲ್ಲವೇ ಆ ಒಂದನ್ನು ತೆಗೆಯಿರಿ. ಅಲ್ಲಿಯವರೆಗೆ ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ಲದಿದ್ದರೆ ಅವಳ ಶಾಲೆಯೂ ಇಲ್ಲ, ತಮಿಳು ಸೀಮೆಯ ಆಂಡಿಪಟ್ಟಿಯಲ್ಲಿ ಅವಳನ್ನು ಸಾಕುತ್ತಿರುವ ನನ್ನ ಅವ್ವನ ಒಲೆಯೂ ಹೊತ್ತುವುದಿಲ್ಲ. ತೆಗೆಯಲು ಮನಸ್ಸು ಬರಲಿಲ್ಲ. ಹಲ್ಲು ಕಚ್ಚಿಕೊಂಡು ರಜೆ ಹಾಕಿ ಊರಿಗೆ ಬಂದೆ.

ತಂದೆ ಅಂದರೆ ನನ್ನ ಭಾವ. ಅಕ್ಕ ಸತ್ತಾಗ ಮಗುವಿಗೆ ಮೂರು ವರ್ಷ. ಹದಿನಾರನೇ ದಿನದ ಕಾರ್ಯ ಮುಗಿದ ಸಂಜೆಯೇ ಹಿರಿಯರು ಜಮಖಾನೆ ಹಾಸಿಕೊಂಡು ಕೂತು, ಅಕ್ಕನ ಜಾಗಕ್ಕೆ ತಂಗಿ ಹೋಗಲಿ ಎಂದು ತೀರ್ಮಾನಿಸಿದರು. ಆ ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡದವರಲ್ಲಿ ಅದು ನಡೆದುಬಂದದ್ದು. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನರ್ಸಿಂಗ್ ಸರ್ಟಿಫಿಕೇಟ್ ಎತ್ತಿಕೊಂಡು ಚೆನ್ನೈ ಬಸ್ ಹತ್ತಿದೆ. ಭಾವ ವರ್ಷದೊಳಗೆ ಬೇರೆ ಮದುವೆಯಾಗಿ ಮಗುವನ್ನು ಅವ್ವನ ಬಳಿ ಬಿಟ್ಟು ಹೋದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹೆಗ್ಗಣಕ್ಕೆ ಹೆತ್ತ ಮಗಳೂ ಮುದ್ದಾಗಲಿಲ್ಲ.

ಈ ರಜೆಯಲ್ಲಿ ಅವನ ಓಡೈಪಟ್ಟಿಯ ತೋಟಕ್ಕೆ ಹೋದಾಗ ಅವನು ದ್ರಾಕ್ಷಿ ಚಪ್ಪರದ ಕೆಳಗೆ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದ. ಕೂರು ಅನ್ನಲಿಲ್ಲ. ನಾನು ಬರೆಸಿ ತಂದಿದ್ದ ಕಾಗದ ಓದಿ, ಸಹಿ ಹಾಕದೆ ಮಡಚಿ, ವಾಪಸ್ ಕೊಟ್ಟ.

“ಅವತ್ತು ನೀ ತಾಲಿಗೆ ಕತ್ತು ಕೊಟ್ಟಿದ್ರೆ, ಇವತ್ತು ನನ್ನ ಕೈಯೆಳುತ್ತು ಯಾತಕ್ಕೆ ಬೇಕಾಗಿತ್ತು?”

“ಕೈಯೆಳುತ್ತು ಹಾಕ್ತೀರಾ ಇಲ್ವಾ ಬಾವ, ಅದ ಮಾತ್ರ ಹೇಳಿ.”

“ಹಾಕಿದ್ರೆ ಊರು ಏನಂತದೆ? ಪೆತ್ತ ಮಗಳ್ನ ಬರದು ಕೊಟ್ಬುಟ್ಟ ಅಂತದೆ. ನಂಗೆ ಮರ್ಯಾದೆ ಇಲ್ವಾ?”

“ಹನ್ನೊಂದು ವರ್ಷದಾಗೆ ಅವಳಿಗೆ ಉಡಕ್ಕೆ ಒಂದು ಪಾವಾಡೆ ತಗದು ಕೊಟ್ಟಿದ್ದೀರಾ?”

“ಪೊಂಗಲ್‌ಗೆ ಹಣ್ಣು ಕಳಿಸ್ತೀನಲ್ಲ.”

ಆ ಹಣ್ಣು ನನಗೆ ಗೊತ್ತು. ವ್ಯಾಪಾರಿ ಬೇಡವೆಂದು ಬಿಟ್ಟ, ಗೊಂಚಲಿನಿಂದ ಉದುರಿದ ಹಣ್ಣು. ಅವನ ಕೈಯ ಕತ್ತರಿ ಕಿತ್ತುಕೊಂಡು ಆ ಬಳ್ಳಿಯನ್ನೆಲ್ಲ ಬುಡಕ್ಕೆ ಕತ್ತರಿಸಬೇಕು ಅನಿಸಿತು. ತೇನಿಗೆ ಬರುವ ಬಸ್ಸಿನಲ್ಲಿ, ಅಲ್ಲಿಂದ ಆಂಡಿಪಟ್ಟಿಯ ಬಸ್ಸಿನಲ್ಲಿ, ಮನಸ್ಸಿನಲ್ಲೇ ಅವನ ಏಳು ತಲೆಮಾರಿಗೂ ಬೈದೆ.

ಮನೆಗೆ ಬಂದವಳೇ ಜಗಲಿಯಲ್ಲಿ ಕೂತು ಫೋನಿನಲ್ಲಿ ಫಾರಂ ತೆರೆದೆ. ಒಂದು ಇದ್ದಲ್ಲಿ ಸೊನ್ನೆ ಹಾಕಿದೆ. ಕೆಳಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬಂತು: ನನಗೆ ಮಕ್ಕಳಿಲ್ಲ ಎಂದು ದೃಢೀಕರಿಸುತ್ತೇನೆ. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಹುಡುಗಿ ಬಗ್ಗಿ ಅದನ್ನು ಓದಿದಳು. ಅವಳ ಇಂಗ್ಲಿಷ್ ಚೆನ್ನಾಗಿದೆ, ಆ ಶಾಲೆಗೆ ಸೇರಿಸಿದ್ದೇ ನಾನು. ಅವಳಪ್ಪ ಎಂಥವನು, ಅವನು ಏನೆಂದ ಎಂದು ಒಂದೇ ಉಸಿರಿಗೆ ಹೇಳತೊಡಗಿದೆ. ಅವಳು ಕೈ ಅಡ್ಡ ಹಿಡಿದಳು. ನಾವು ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವವಳು, ಅವತ್ತು ನಮ್ಮ ಕನ್ನಡದಲ್ಲೇ ನಿಧಾನವಾಗಿ ಹೇಳಿದಳು.

“ಬರೆಯಾವಾಗಲೂ ನನ್ನ ಕೇಳಲಿಲ್ಲ ಚಿತ್ತಿ. ತಗೆಯಾವಾಗಲೂ ಕೇಳಲಿಲ್ಲ.”

ಅಡುಗೆಮನೆಯ ಬಾಗಿಲ ಹಿಂದೆ ನಿಂತು ನಾನು ನುಂಗಿಕೊಂಡ ಮಾತು ಅದೇ. ದಿನವಿಡೀ ಭಾವನ ಮೇಲಿದ್ದ ಸಿಟ್ಟಿಗೆ ಈಗ ಹೋಗಲು ನನ್ನ ಹೊರತು ಬೇರೆ ಜಾಗವಿರಲಿಲ್ಲ. ಆಗಲಾದರೂ ಅವಳನ್ನು ಕೇಳಬಹುದಿತ್ತು. ತೆಗೆಯಬೇಡ ಅಂದುಬಿಟ್ಟರೆ ಎಂದು ಹೆದರಿ, ಕೇಳದೆಯೇ ಬಟನ್ ಒತ್ತಿದೆ.