ಅಕ್ಕ ಕೆತ್ತಿದ ಬಿರಡೆ

ಕಿವಿಗೆ ಕೇಳಿಸಿದ್ದನ್ನು ನಾನು ಹೇಳಲಿಲ್ಲ. ನಾನು ಮಾಡಿದ ತಪ್ಪು ಇದು. ಇದರಿಂದ ನನ್ನ ಒಡಹುಟ್ಟಿದ ಅಕ್ಕನ ಓಣಿಗೆ ಇದ್ದ ಒಂದೇ ನಲ್ಲಿ ಹೋಯಿತು, ಓಣಿಯವರಿಗೆಲ್ಲ ಕಳ್ಳರೆಂಬ ಹೆಸರು ಬಂತು.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಮಾನ್ವಿಯಲ್ಲಿ ದಿನಗೂಲಿಯ ಮೇಲೆ ನೀರು ಬಿಡುವ ಕೆಲಸ ಮಾಡುತ್ತಿದ್ದೆ. ನಮ್ಮೂರು ದೇವದುರ್ಗದ ಕಡೆಯ ಮಸರಕಲ್. ಓದಿದ್ದು ಅಲ್ಲೇ, ನಾಲ್ಕನೆಯ ತರಗತಿಯವರೆಗೆ. ಅಕ್ಕನನ್ನು ಮಾನ್ವಿಗೆ ಕೊಟ್ಟಿದ್ದರು. ಅವಳ ಮನೆ ಊರ ಕೊನೆಯಲ್ಲಿ, ಕೂಲಿಯವರ ಓಣಿಯಲ್ಲಿ. ಊರ ನೀರಿನ ಟಾಕಿಯಿಂದ ಬರುವ ಕೊಳವೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿನ ನಲ್ಲಿಯ ತಲೆ ಮುರಿದು ಬಿದ್ದು ತಿಂಗಳುಗಳೇ ಆಗಿದ್ದವು.

“ಲೇ ತಮ್ಮಾ, ಊರಿಗೆಲ್ಲಾ ನೀರು ಬಿಡಾಂವ ನೀನು. ಒಂದು ನಲ್ಲಿ ಹಾಕ್ಸಾಕ ಆಗವಲ್ದೇನೊ? ನೀರೆಲ್ಲಾ ಗಟಾರಕ್ಕ ಹೋಗಾಕತ್ತದ,” ಅನ್ನುತ್ತಿದ್ದಳು ಅಕ್ಕ.

ನನ್ನ ಮೇಲಿನ ಓವರ್‌ಸಿಯರ್‌ಗೆ ಹೇಳಿದೆ. ಸಾಮಾನು ಬಂದಿಲ್ಲ ಅಂದರು. ಕೊನೆಗೆ ಅಕ್ಕನೇ ಜಾಲಿ ಕಟ್ಟಿಗೆ ಕೆತ್ತಿ, ಹಳೆಯ ಸೀರೆಯ ಚಿಂದಿ ಸುತ್ತಿ, ಕೊಳವೆಯ ಬಾಯಿಗೆ ಬಿರಡೆ ಮಾಡಿದಳು. ಕೊಡ ತುಂಬಿದ ಕೂಡಲೇ ಅದನ್ನು ಜಡಿಯಬೇಕು. ಮರೆತವರಿಗೆ ಅವಳ ಬೈಗುಳ ಖಾತ್ರಿ.

ಆ ಬೇಸಿಗೆಯಲ್ಲಿ ರಾಯಚೂರಿನಿಂದ ಜೀಪಿನಲ್ಲಿ ಸಾಹೇಬರೊಬ್ಬರು ಬಂದರು. ಟಾಕಿಯಿಂದ ಬಿಟ್ಟ ನೀರಿಗೂ ಮನೆಗಳಿಗೆ ಮುಟ್ಟಿದ ನೀರಿಗೂ ತಾಳೆ ಬೀಳುತ್ತಿರಲಿಲ್ಲ; ನಡುವೆ ಎಲ್ಲಿ ಹೋಗುತ್ತದೆಂದು ಹುಡುಕಬೇಕಿತ್ತು. ಅವರ ಬಳಿ ಒಂದು ಕಬ್ಬಿಣದ ಸರಳು. ಒಂದು ತುದಿ ಕೊಳವೆಯ ಮೇಲೆ, ಇನ್ನೊಂದು ಕಿವಿಗೆ. ನೆಲದೊಳಗೆ ಸೋರುತ್ತಿದ್ದರೆ ಸುಯ್ ಎಂದು ಕೇಳುತ್ತದೆ. ನನ್ನ ಕಿವಿ ಚುರುಕೆಂದು ಎರಡೇ ದಿನದಲ್ಲಿ ಸರಳನ್ನು ನನ್ನ ಕೈಗೇ ಕೊಟ್ಟರು.

ಮೂರನೆಯ ದಿನ ಅಕ್ಕಿ ಗಿರಣಿಯ ಗೋಡೆಯ ಬುಡದಲ್ಲಿ ಇಟ್ಟು ಕೇಳಿದೆ. ನಕ್ಷೆಯ ಪ್ರಕಾರ ಗಿರಣಿಗೆ ನಮ್ಮ ನೀರೇ ಇಲ್ಲ. ಆದರೆ ನೀರು ಭೋರೆಂದು ಒಳಕ್ಕೆ ಹೋಗುತ್ತಿತ್ತು. ಸೋರಿಕೆಯ ಸದ್ದು ಹಾಗಿರುವುದಿಲ್ಲ.

“ಏನರ ಕೇಳಿಸ್ತೇನಪ್ಪಾ?” ಸಾಹೇಬರು ಕೇಳಿದರು.

ಆ ಗಿರಣಿ ಸಾಹುಕಾರರ ಮಾತಿನ ಮೇಲೆಯೇ ನನಗೆ ಕೆಲಸ ಸಿಕ್ಕಿತ್ತು. ಬೆನ್ನ ಹಿಂದೆ ಓವರ್‌ಸಿಯರ್ ಕೆಮ್ಮಿದರು.

“ಏನಿಲ್ರಿ ಸಾಹೇಬ್ರ,” ಅಂದೆ.

ಅಲ್ಲಿಂದ ಅಕ್ಕನ ಓಣಿಗೆ ಹೋದೆವು. ಬಿರಡೆ ಕಂಡದ್ದೇ ತಡ ಓವರ್‌ಸಿಯರ್, “ನೋಡ್ರಿ ಸಾಹೇಬ್ರ, ನಲ್ಲಿ ಕಿತ್ತು ಮಾರ್ಕೊಂಡಾರ. ನೀರೆಲ್ಲಾ ಹೋಗಾದು ಇಲ್ಲೇ ನೋಡ್ರಿ,” ಅಂದರು.

“ಹೌದ್ರಿ, ಮಾರಿ ಬಂಗ್ಲೆ ಕಟ್ಟೀವಿ. ಬರ್ರಿ, ಒಳಗ ಕುಂತು ಚಾ ಕುಡದು ಹೋಗ್ರಿ!” ಅಂದಳು ಅಕ್ಕ. ಹೆಂಗಸರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ನೀನರ ಹೇಳೊ,” ಅಂದಳು. ನಾನು ಸರಳು ಒರೆಸುತ್ತ ನಿಂತೆ.

ಲೆಕ್ಕಕ್ಕೆ ಸಿಗದ ನೀರೆಲ್ಲ ಆ ಓಣಿಯ ತಲೆಗೆ ಕಟ್ಟಿ ವರದಿ ಬರೆದರು. ನೀರು ಉಳಿಸಿದ ಕಟ್ಟಿಗೆಯೇ ಕಳವಿಗೆ ಸಾಕ್ಷಿ! ಬೆರಳಿನಷ್ಟು ದಪ್ಪ ನೀರು ಬರುವ ಕೊಳವೆಯಿಂದ ಊರ ನೀರು ಹೇಗೆ ಹೋದೀತು ಎಂದು ಯಾರೂ ಕೇಳಲಿಲ್ಲ. ಸಾಹುಕಾರರ ಗೋಡೆಯಾಚೆ ಯಾರೂ ಇಣುಕಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆ ವಾರವೇ ಕೊಳವೆಗೆ ಕಬ್ಬಿಣದ ಮುಚ್ಚಳ ಬಿತ್ತು. ಬಿಗಿದವನು ನಾನೇ. ಮೂರು ವರ್ಷ ಅಕ್ಕ ಕಾಲುವೆಯಿಂದ ನೀರು ಹೊತ್ತಳು. ದಾರಿಯಲ್ಲಿ “ನಲ್ಲಿ ಕಳ್ಳಿ ಬಂದ್ಲು” ಅನ್ನುವವರೂ ಇದ್ದರು.

ಮೂರನೆಯ ವರ್ಷ ನನ್ನ ಕೆಲಸ ಕಾಯಂ ಆದ ದಿನ ಪೇಡೆ ತೆಗೆದುಕೊಂಡು ಹೋದೆ. ಅಕ್ಕ ಅದನ್ನು ಓಣಿಯ ಹೆಂಗಸರಿಗೆಲ್ಲ ಹಂಚಿದಳು. “ನಮ್ಮ ತಮ್ಮ ಕಾಯಂ ಆದ. ಅವತ್ತು ಪಾಪ ಅವನ ಕೈಯಾಗ ಏನಿತ್ತು? ಇನ್ನ ನೋಡ್ರಿ, ನಲ್ಲಿ ಹಾಕ್ಸೇ ಹಾಕ್ಸ್ತಾನ,” ಅಂದಳು.

ಆ ‘ಪಾಪ’ ಎಂಬ ಮಾತನ್ನು ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಎದ್ದು ನಿಂತೆ.

“ಯಕ್ಕಾ, ಗಿರಣಿಗೆ ನೀರು ಹೋಗಾದು ಅವತ್ತ ನನಗ ಕೇಳಿಸಿತ್ತು. ಕೇಳಿಸಿಲ್ಲ ಅಂತ ಸುಳ್ಳು ಹೇಳ್ದೆ. ನಿಮ್ಮನ್ನ ಕಳ್ಳರು ಮಾಡ್ದಾಂವ ನಾನು. ತಪ್ಪಾತು ಯಕ್ಕಾ. ಎಲ್ಲಾರೂ ಕೇಳ್ರಿ, ನಂದ ತಪ್ಪು.”