ಕಬ್ಬಿನ ಟ್ರೇಲರ್ ಹತ್ತಿದವನು

ಬೀರಪ್ಪಾ, ಅಂದು ಕಬ್ಬಿನ ಟ್ರೇಲರ್ ಹತ್ತಿದವನು ನಾನು. ನೀನಲ್ಲ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡೆ, ತಿರುಗಿದೆ, ಹೆಂಡತಿಗೂ ಹೇಳಲಿಲ್ಲ. ಈಗ ಬರೆಯಲು ಕೂತಿದ್ದೇನೆ.

ಅಥಣಿಯ ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದವರಿಗೆಲ್ಲ ಬೆಳಗಿನ ಓಟ, ವ್ಯಾಯಾಮದ ತಾಸು ಕಡ್ಡಾಯ. ಅದರಲ್ಲಿ ಪಾಸಾಗದೆ ಮುಂದಿನ ವರ್ಷವಿಲ್ಲ. ನನ್ನದು ಅಜ್ಜಿ ಬೆಣ್ಣೆ ಹಾಕಿ ಬೆಳೆಸಿದ ಮೈ. ನಮ್ಮ ತೋಟಕ್ಕೂ ಮೋಟರ್‌ಸೈಕಲ್ ಮೇಲೆಯೇ ಹೋದವನು. "ದ್ರಾಕ್ಷಿ ತೋಟದ ಸಾವಕಾರ ಬಂದಾನ, ದಾರಿ ಬಿಡ್ರಲೇ" ಎಂದು ಹುಡುಗರು ಚ್ಯಾಷ್ಟಿ ಮಾಡುತ್ತಿದ್ದರು. ನೀನು ಮಾತ್ರ ನಗಲಿಲ್ಲ. ತೆಲಸಂಗದಲ್ಲಿ ಕುರಿ ಹಿಂದೆ ಓಡಿಯೇ ಬೆಳೆದವನು, ಎಲ್ಲರಿಗಿಂತ ಮುಂದಿರಬೇಕಾದವನು— ನನಗಾಗಿ ಹಿಂದೆ ಉಳಿಯುತ್ತಿದ್ದೆ.

"ನೀ ಮುಂದ ಹೋಗಲೇ" ಎಂದು ನಾನಂದರೆ, "ಹಿಂದ ಉಳದ ಕುರಿ ಬಿಟ್ಟು ಹೋದ್ರ ನಮ್ಮಪ್ಪ ಮನಿ ಒಳಗ ಕರಕೊಳ್ಳಂಗಿಲ್ಲ ದೋಸ್ತ. ಬಾಯಿ ಮುಚ್ಚು, ಮೂಗಿಲೆ ಉಸರು ತಗೋ" ಅನ್ನುತ್ತಿದ್ದೆ.

ಪರೀಕ್ಷೆಯ ದಿನ ಕಾಲುವೆಯ ಸೇತುವೆ ಮುಟ್ಟಿ ಓಡಿ ಬರಬೇಕಿತ್ತು. ಕಾಲೇಜಿನ ತಂಡಕ್ಕೆ ಆಯ್ಕೆಯೂ ಅದರಲ್ಲೇ. ಆ ತಂಡದ ಬನಿಯನ್ ಹಾಕಿಕೊಂಡು ಅವ್ವನ ಮುಂದೆ ನಿಲ್ಲಬೇಕೆಂದು ನೀನು ಎಷ್ಟು ಸಲ ಹೇಳಿದ್ದೆ! ಅದಕ್ಕೇ ಅಂದು ನಾನೇ ಗದರಿಸಿ ನಿನ್ನನ್ನು ಮುಂದೆ ಕಳಿಸಿದೆ. ನೀನು ಮರೆಯಾದದ್ದೇ ತಡ, ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ತೆವಳುತ್ತ ಪಕ್ಕಕ್ಕೆ ಬಂತು. ಹಿಂದಿನ ಟ್ರೇಲರಿನ ಹಗ್ಗ ಹಿಡಿದು ಹತ್ತಿದೆ. ಮೇಲೆ ಕೂತು ಕಬ್ಬಿನ ಒಂದು ಗಣಿಕೆ ಸುಲಿದು ತಿಂದೆ ಬೇರೆ.

ನೀನು ತಿರುಗಿ ನೋಡಿದೆ. ನಾನು ಕಾಣಲಿಲ್ಲ. ಎಲ್ಲಿ ಬಿದ್ದನೋ ಎಂದು, ಮುಂದಿದ್ದವನು ಓಟವನ್ನೇ ಬಿಟ್ಟು ಹಿಂದೆ ಬಂದೆ. ಟ್ರೇಲರ್ ಮೇಲೆ ನನ್ನನ್ನು ಕಂಡವನೇ ಕೂಗಿದೆ.

"ಇಳೀಲೇ ಹುಚ್ಚಾ, ಸರ್ ಬರಾಕತ್ತಾರ!"

ನನಗೆ ಇಳಿಯಲು ಬರಲಿಲ್ಲ. ನೀನೇ ಹತ್ತಿ, ತೋಳು ಹಿಡಿದು ಇಳಿಸಿದೆ. ಇಬ್ಬರ ಅಂಗಿಗೂ ಕಬ್ಬಿನ ಒಣ ಎಲೆಯ ರವದಿ ಅಂಟಿತು. ಅಷ್ಟರಲ್ಲಿ ಪಿ.ಟಿ. ಸರ್ ಗಾಡಿ ಎದುರಿಗೆ ನಿಂತಿತು.

"ಯಾವನ್ಲೇ ಹತ್ತಿದಾಂವ?"

"ಇವನ ಹತ್ತಿ ನನ್ನೂ ಎಳಕೊಂಡಾನ್ರಿ ಸರ್. ನಾ ಬ್ಯಾಡ ಅಂದ್ನಿರಿ."

ಆ ಮಾತು ಆಡಿದವನು ನಾನು, ಯಾರೂ ಹೇಳಿಕೊಟ್ಟದ್ದಲ್ಲ. ಹೆದರಿಕೆಯಿಂದ ಅಂದೆ ಎನ್ನಲೇ? ಇಲ್ಲ— ಅಲ್ಲಿ ಯಾರ ಮಾತು ನಡೆಯುತ್ತದೆಂದು ನನಗೆ ಗೊತ್ತಿತ್ತು. ಸರ್ ನಮ್ಮ ಮನೆಗೆ ಬಂದು ಹೋಗುವವರು. ನೀನು ಹಾಸ್ಟೆಲ್ಲಿನ ಹುಡುಗ. ನೀನು ನನ್ನನ್ನು ನೋಡಿದೆ. ಸಿಟ್ಟಿನಿಂದಲ್ಲ, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ. ಆಮೇಲೆ ಅಂಗಿಯ ರವದಿಯನ್ನು ಒಂದೊಂದಾಗಿ ಕೀಳುತ್ತ ನಿಂತೆ.

ತಂಡದಲ್ಲಿ ನಿನಗೆ ಜಾಗ ಸಿಗಲಿಲ್ಲ. ನನ್ನನ್ನು ಮತ್ತೊಂದು ದಿನ ಓಡಿಸಿ, ಕನಿಕರಪಟ್ಟು ಪಾಸು ಮಾಡಿದರು. ಆ ದಿನ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ನೀನು ಮುಂದೆಂದೂ ಆ ಮಾತೆತ್ತಲಿಲ್ಲ. ನಾನು ಅದನ್ನೇ ಅನುಕೂಲ ಮಾಡಿಕೊಂಡೆ.

ಹೋದ ವರ್ಷ ಏಕಸಂಬಿ ಊರಿನ ಮದುವೆಯೊಂದರಲ್ಲಿ ಸಿಕ್ಕೆಯಲ್ಲ— ಮೊಣಕಾಲು ನೋವಿನಿಂದ ನಾನು ಕುಂಟುತ್ತಿದ್ದೆ. ಊಟದ ಪೆಂಡಾಲಿನವರೆಗೆ ನೀನು ಹೆಜ್ಜೆ ಸಣ್ಣ ಮಾಡಿ ಪಕ್ಕದಲ್ಲೇ ನಡೆದೆ. "ಸಾವಕಾಶ ಬಾ ದೋಸ್ತ, ಹೋಳಿಗಿ ಎಲ್ಲೂ ಓಡಿ ಹೋಗಂಗಿಲ್ಲ" ಅಂದೆ. ತಪ್ಪು ಒಪ್ಪಿಕೊಳ್ಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೋಳಿಗೆ ಬಡಿಸಿದರು, ತಿಂದೆ.

ಬರುವ ಸೋಮವಾರ ತೆಲಸಂಗಕ್ಕೆ ಬರುತ್ತೇನೆ. ಹತ್ತಿದವನು ನಾನೆಂದು ನಿನ್ನ ಅವ್ವನ ಮುಂದೆಯೇ ಹೇಳುತ್ತೇನೆ. ಕೇಳಿದ ಮೇಲೆ ನೀನು ನನ್ನನ್ನು ಅಲ್ಲೇ ಬಿಟ್ಟು ಎದ್ದು ನಡೆದರೆ— ನಡೆ, ಬೀರಪ್ಪಾ. ಈ ಸಲ ಹಿಂದೆ ತಿರುಗಿ ನೋಡಬೇಡ.